ಅತ್ತೆಯ ಮನೆಯ ಚಕ್ಕುಬಂದಿ

ಬಟ್ಟೆ ತಂದವರು ಅಳತೆ ಹೇಳಲು ಬಾಯಿ ತೆರೆದರೆ ಅವಳು ಕೈ ಎತ್ತಿ ತಡೆಯುತ್ತಿದ್ದಳು. ಹೋದ ವರ್ಷ ಎಷ್ಟಿತ್ತು, ಹಳೆಯ ದರ್ಜಿ ಎಷ್ಟು ಬರೆದುಕೊಂಡಿದ್ದ, ಮನೆಯಿಂದ ಏನು ಹೇಳಿ ಕಳಿಸಿದ್ದಾರೆ, ಇದೊಂದನ್ನೂ ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕೊರಳಿನ ಟೇಪು ತೆಗೆದು ತಾನೇ ಅಳೆಯುವಳು, ಅಳೆದದ್ದನ್ನು ಇನ್ನೊಮ್ಮೆ ಅಳೆಯುವಳು. ಆಮೇಲೆ ಬಟ್ಟೆಯನ್ನು ಮಗುಚಿ ಒಳಮೈ ನೋಡಿ, ಬೆಳಕಿಗೆ ಹಿಡಿದು, ಎಲ್ಲಾದರೂ ನೂಲು ಸವೆದಿದೆಯೇ ಎಂದು ಹುಡುಕುವಳು. ‘ನನಗೆ ಹೆಣ್ಣು ಕೊಟ್ಟವರೂ ಇಷ್ಟು ವಿಚಾರಿಸಿರಲಿಲ್ಲ’ ಎಂದು ಅಂಚೆಯವನೊಬ್ಬ ಆಡಿದ ಮಾತು ಬೀದಿಯಲ್ಲೆಲ್ಲ ಹಬ್ಬಿ, ಟೈಲರಮ್ಮ ಎಂದು ಕರೆಯುತ್ತಿದ್ದವರು ಟೇಪಮ್ಮ ಎಂದು ಕರೆಯತೊಡಗಿದರು. ಅವಳು ಅದಕ್ಕೆ ಬೇಸರಪಟ್ಟುಕೊಂಡವಳಲ್ಲ. ಕತ್ತರಿ ಹಾಕಿದ ಮೇಲೆ ಬಟ್ಟೆ ಮತ್ತೆ ಕೂಡುವುದಿಲ್ಲ ಎನ್ನುವುದು ಗೊತ್ತಿದ್ದವರಿಗೆ ಅಡ್ಡಹೆಸರು ದೊಡ್ಡ ವಿಷಯವಲ್ಲ.

ಈ ಅಭ್ಯಾಸ ಕಸುಬಿನಿಂದ ಬಂದದ್ದು ಎಂದು ಎಲ್ಲರೂ ತಿಳಿದಿದ್ದರು. ಕಸುಬಿಗಿಂತ ಅದು ಹಳೆಯದು. ಅವಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ಲಾರಿ ಓಡಿಸುತ್ತಿದ್ದ ಅಪ್ಪನಿಗೆ ಅವನ ಗೆಳೆಯನೊಬ್ಬ ಮನೆ ಕೊಟ್ಟಿದ್ದ. ಎರಡು ಕೋಣೆಯ, ಮುಂದೆ ಜಗಲಿ ಇದ್ದ ಮನೆ. ನಮ್ಮಿಬ್ಬರ ನಡುವೆ ಕಾಗದ ಯಾಕೆ ಎಂದು ಗೆಳೆಯ ಹೇಳಿದ, ಹೌದಲ್ಲ ಎಂದು ಅಪ್ಪ ತಲೆ ಆಡಿಸಿದ. ಕೆಲವು ವರ್ಷ ಕಳೆದು ಗೆಳೆಯ ತೀರಿಕೊಂಡ. ಅವನ ತಮ್ಮಂದಿರು ನಾಲ್ಕು ಜನರನ್ನು ಕರೆದುಕೊಂಡು ಬಂದು ಸಾಮಾನುಗಳನ್ನು ಒಂದೊಂದಾಗಿ ಬೀದಿಗೆ ತಂದಿಟ್ಟರು. ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಹಿತ್ತಾಳೆ ಪಾತ್ರೆಗಳನ್ನು ತಟ್ಟಿದ ಸದ್ದೂ ಬಾರದಂತೆ ಇಳಿಸಿದರು. ಅಮ್ಮನ ಹೊಲಿಗೆಯ ಮಿಷನ್ನು ಬಿಸಿಲಲ್ಲಿ ನಿಂತಿತ್ತು. ಯಾರಾದರೂ ಎತ್ತಿಕೊಂಡು ಹೋದಾರು, ಅದರ ಮೇಲೆ ಕೂತಿರು ಎಂದು ಅಮ್ಮ ಹೇಳಿದ್ದರಿಂದ ಅವಳು ಸಂಜೆಯವರೆಗೂ ಮಿಷನ್ನಿನ ಹಲಗೆಯ ಮೇಲೆ ಕೂತಿದ್ದಳು. ಶಾಲೆ ಬಿಟ್ಟು ಬರುತ್ತಿದ್ದ ಗೆಳತಿಯರು ಅವಳನ್ನು ನೋಡಿದರು, ನೋಡದವರಂತೆ ನಡೆದರು.

ಸಂಜೆ ಅಪ್ಪನ ತಂಗಿ ಕೈಗಾಡಿ ತಳ್ಳಿಕೊಂಡು ಬಂದಳು. ಅಣ್ಣನನ್ನು ಒಂದು ಮಾತೂ ಕೇಳಲಿಲ್ಲ. ಮೊದಲು ಮಿಷನ್ನನ್ನು, ಆಮೇಲೆ ಅದರ ಮೇಲೆ ಕೂತ ಹುಡುಗಿಯನ್ನು ಗಾಡಿಗೆ ಹತ್ತಿಸಿದಳು. ಅವತ್ತಿನಿಂದ ಅಪ್ಪ ಬೇರೆ ಮನೆ ಹಿಡಿಯುವವರೆಗೂ ಅತ್ತೆಯ ಮನೆಯ ಮುಂದಿನ ಕೋಣೆ ಅವರದಾಯಿತು.

ಆ ಕೋಣೆಯ ನೆನಪಿನಲ್ಲಿ ಅವಳಿಗೆ ಉಳಿದದ್ದು ಬೆಳಕು. ಅತ್ತೆಯ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದರು. ಪೂರ್ವದ ಗೋಡೆಯ ತುಂಬ ಕಿಟಕಿ, ಕಿಟಕಿಯ ಆಚೆ ಶಾಲೆಯ ಮೈದಾನ, ಅದರಾಚೆ ಏನೂ ಅಡ್ಡವಿಲ್ಲ. ಬೆಳಗಿನ ಬಿಸಿಲು ನೇರ ಅವರ ಮೇಜಿನ ಮೇಲೆ ಬೀಳುತ್ತಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಳ್ಳಿಗಿಂತ ಸಣ್ಣ ತಿರುಪುಗಳನ್ನು ಅವರು ಆ ಬೆಳಕಿನಲ್ಲಿ ಎತ್ತಿ ಇಡುತ್ತಿದ್ದರು. ಗಡಿಯಾರದ ಮಾವ ಎಂದು ಅವಳು ಕರೆಯುತ್ತಿದ್ದಳು. ಪಕ್ಕದ ಮನೆಯಲ್ಲೇ ಬೇಕರಿ ಇಟ್ಟಿದ್ದವರು ಬೇಕರಿ ಮಾವ. ಇಬ್ಬರೂ ಜೀವದ ಗೆಳೆಯರು. ಮಾತು ಕಡಿಮೆ, ಒಬ್ಬರ ಮನೆಯ ಮೆಟ್ಟಿಲ ಮೇಲೆ ಇನ್ನೊಬ್ಬರು ಕೂರುವುದು ಜಾಸ್ತಿ.

ವರ್ಷಗಳು ಹೋದವು. ಅಪ್ಪ ಹೋದ, ಅಮ್ಮ ಹೋದಳು, ಗಡಿಯಾರದ ಮಾವನೂ ಹೋದರು. ಅವಳು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅಳತೆ ಕೂಡಲಿಲ್ಲ ಎನ್ನುತ್ತಿದ್ದಳು. ಪೇಟೆಬೀದಿಯಲ್ಲಿ, ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನಿಗೂ ನಡುವೆ ಬಾಡಿಗೆ ಅಂಗಡಿ ಹಿಡಿದು, ಹಗಲು ಮುಂದೆ ಹೊಲಿದು ರಾತ್ರಿ ಹಿಂದೆ ಮಲಗುತ್ತಿದ್ದಳು. ಅಮ್ಮನ ಮಿಷನ್ನಿನ ಪಕ್ಕಕ್ಕೆ ಇನ್ನೊಂದು ಮಿಷನ್ನು ಬಂತು. ಕಣ್ಣಿಗೆ ಕನ್ನಡಕ ಬಂತು. ಐವತ್ತು ದಾಟಿದ ಮೇಲೆ ಒಂದು ದಿನ ಕಟ್ಟಡದ ಮಾಲೀಕ ಬಂದು, ಕಟ್ಟಡ ಮಾರಿಯಾಯಿತು, ವರ್ಷದ ಕೊನೆಗೆ ಕೆಡವುತ್ತಾರೆ ಎಂದು ಹೇಳಿ, ತನ್ನ ಕೋಟಿನ ಗುಂಡಿ ಹಾಕಿಸಿಕೊಂಡು ಹೋದ.

ಅವಳು ಬೇರೆ ಅಂಗಡಿ ಹುಡುಕಿದಳು. ಸಿಕ್ಕಿದ್ದೆಲ್ಲ ಹಗಲಲ್ಲೂ ದೀಪ ಬೇಕಾದ ಗೂಡುಗಳು.

ಅತ್ತೆ ಈಗ ಒಂಟಿ. ಮಕ್ಕಳಿಲ್ಲ, ಮಂಡಿಯಲ್ಲಿ ಬಲವಿಲ್ಲ, ನಾಲಿಗೆಯಲ್ಲಿ ಮಾತ್ರ ಏನೂ ಕಮ್ಮಿಯಾಗಿಲ್ಲ. ಅಂಗಡಿ ಮುಚ್ಚಿದ ಮೇಲೆ ಅವಳು ದಿನಾ ಹೋಗಿ ಅತ್ತೆಗೆ ಅಡುಗೆ ಮಾಡಿಟ್ಟು ಬರುತ್ತಿದ್ದಳು. ಹಾಗೆ ಹೋದ ಒಂದು ಸಂಜೆ, ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆಯೇ ಹೇಳಿದಳು.

“ಈ ಮನೆ ನಿನ್ನ ಹೆಸರಿಗೆ ಬರೆದುಬಿಡ್ತೀನಿ. ಮುಂದಿನ ಕೋಣೇಲಿ ಮಿಷನ್ ಹಾಕ್ಕೋ. ನಾನಿರೋ ತನಕ ಹಿಂದಿನ ಕೋಣೆ ನಂದು, ಆಮೇಲೆ ಅದೂ ನಿಂದು.”

ಅವಳು ಪೂರ್ವದ ಕಿಟಕಿಯ ಕಡೆ ನೋಡಿದಳು. ಅದರ ಕೆಳಗೆ ಎರಡು ಮಿಷನ್ನು, ಅಡ್ಡಕ್ಕೆ ಕತ್ತರಿಸುವ ಮೇಜು, ಎಲ್ಲವೂ ಆಗಲೇ ಅಲ್ಲಿದ್ದಂತೆ ಕಂಡಿತು. ಬಟಾಣಿಯ ಸಿಪ್ಪೆ ಒಟ್ಟುಮಾಡಿದಳು, ಬುಟ್ಟಿಗೆ ಹಾಕಿದಳು. ಎಲ್ಲ ಆದ ಮೇಲೆ ಅಭ್ಯಾಸ ಬಾಯಿ ತೆರೆಯಿತು.

“ಅತ್ತೆ, ಮನೆ ಕಾಗದ ಎಲ್ಲಿದೆ? ಒಂದ್ಸಲ ಯಾರಿಗಾದ್ರೂ ತೋರಿಸ್ಬೇಕು.”

ಅತ್ತೆಯ ಕೈ ನಿಂತಿತು. “ಅವತ್ತು ನಿಮ್ಮ ಮೂರೂ ಜನಾನ ಒಳಗೆ ಕರ್ಕೊಂಡಾಗ ನಾನು ಯಾವ ಕಾಗದ ಕೇಳಿದ್ದೆ?”

“ನೀವು ಕೇಳ್ಲಿಲ್ಲ. ಅಪ್ಪ ಕೇಳಿದ್ದಿದ್ರೆ ನಾವು ನಿಮ್ಮ ಬಾಗಿಲಿಗೆ ಬರ್ತಾನೇ ಇರ್ಲಿಲ್ಲ.”

ಅತ್ತೆ ಉಳಿದ ಬಟಾಣಿಯನ್ನು ಸುಲಿಯದೆ ಎದ್ದುಹೋದಳು. ಮರುದಿನ ಅವಳು ಹೋದಾಗ ಹೊಸ್ತಿಲ ಒಳಗೆ ಗಡಿಯಾರದ ಮಾವನ ತಗಡಿನ ಪೆಟ್ಟಿಗೆ ಇತ್ತು. ಅತ್ತೆ ಹಿಂದಿನ ಕೋಣೆಯಲ್ಲಿ ಬೆನ್ನು ತಿರುಗಿಸಿ ಮಲಗಿದ್ದಳು. ನಿದ್ದೆ ಬಂದವರು ಅಷ್ಟು ಗಟ್ಟಿಯಾಗಿ ಉಸಿರಾಡುವುದಿಲ್ಲ.

ಅವಳ ಗಿರಾಕಿಗಳಲ್ಲಿ ವಕೀಲೆಯೊಬ್ಬಳು ಇದ್ದಳು. ಕಪ್ಪು ಕೋಟಿನ ಜೇಬಿಗೆ ಒಳಗಿನಿಂದ ದಪ್ಪ ಬಟ್ಟೆ ಕೊಡಿಸಬೇಕು, ಇಲ್ಲದಿದ್ದರೆ ಕಕ್ಷಿದಾರರ ಕಷ್ಟವೆಲ್ಲ ಸೋರಿಹೋಗುತ್ತದೆ ಎನ್ನುವವಳು. ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಹರಡಿ, ಹಳೆಯದು ಕೆಳಗೆ ಹೊಸದು ಮೇಲೆ ಎಂದು ಜೋಡಿಸಿ, ಅವಳಿಗೂ ಅರ್ಥವಾಗುವ ಹಾಗೆ ಹೇಳಿದಳು. ಇದು ನಿಮ್ಮ ಮಾವ ಜಾಗ ಕೊಂಡ ಕ್ರಯಪತ್ರ. ಅವರಿಗೆ ಮಾರಿದವನಿಗೆ ಈ ಜಾಗ ಎಲ್ಲಿಂದ ಬಂತು ಎಂದು ತೋರಿಸುವ ಮೂಲಪತ್ರ ಇದು, ಇದಿಲ್ಲದಿದ್ದರೆ ಮೇಲಿನದಕ್ಕೆ ಕಾಲಿಲ್ಲ. ಮಾವ ಬರೆದ ಉಯಿಲು ನೋಂದಣಿಯಾಗಿದೆ, ಅವರ ಕಡೆಯವರ ಒಪ್ಪಿಗೆಯೂ ಇದೆ, ಆದ್ದರಿಂದ ನಿಮ್ಮತ್ತೆ ಕೊಡಬಹುದು. ಮನೆಯ ಮೇಲೆ ಸಾಲವೋ ತಗಾದೆಯೋ ಇದೆಯೇ ಎಂದು ನೋಂದಣಿ ಕಚೇರಿಯಿಂದ ನಾನು ತರಿಸಿ ನೋಡುತ್ತೇನೆ.

ಹತ್ತು ದಿನ ಬಿಟ್ಟು ಅದೂ ಬಂತು. ಸಾಲವಿಲ್ಲ, ತಗಾದೆಯಿಲ್ಲ. ಅವಳು ಉಸಿರು ಬಿಟ್ಟಳು. ವಕೀಲೆ ಇನ್ನೂ ಬಿಡಲಿಲ್ಲ.

“ಕಾಗದದ ಮಟ್ಟಿಗೆ ಎಲ್ಲ ಸರಿ. ಆದ್ರೆ ಕಾಗದ ಹೇಳೋ ಮನೆ, ನಿಮ್ಮತ್ತೆ ಇರೋ ಮನೆ ಎರಡೂ ಒಂದೇನಾ ಅಂತ ನಾನು ಇಲ್ಲಿ ಕೂತು ಹೇಳಕ್ಕಾಗಲ್ಲ. ನೀವು ಅಂಗಳದಲ್ಲಿ ನಿಂತು ಚಕ್ಕುಬಂದಿ ಓದ್ಕೊಳ್ಳಿ. ಯಾವ ದಿಕ್ಕಿಗೆ ಏನಿದೆ, ನಾಲ್ಕೂ ದಿಕ್ಕು. ಆಮೇಲೆ ಅಳತೆ.”

ಮೊದಲು ದಿಕ್ಕು, ಆಮೇಲೆ ಅಳತೆ. ಅವಳು ಸರಿಯಾಗಿಯೇ ಕೇಳಿಸಿಕೊಂಡಳು. ಆದರೆ ಕೊರಳಿನಲ್ಲಿ ಟೇಪು ಇದ್ದವರು ಅಳೆಯುವುದನ್ನು ಮುಂದಕ್ಕೆ ಹಾಕುವುದು ಕಷ್ಟ. ತಾನು ಆಡಿ ಬೆಳೆದ ಮನೆಯ ದಿಕ್ಕನ್ನು ಓದುವುದೇನಿದೆ ಎಂದುಕೊಂಡು, ಭಾನುವಾರ ಉದ್ದದ ಟೇಪು ಸಾಲ ತಂದು, ರಸ್ತೆಯ ಕಡೆಯ ಅಗಲವನ್ನು ಗೋಡೆಯಿಂದ ಗೋಡೆಗೆ ಹಿಡಿದಳು. ಕಾಗದದಲ್ಲಿ ಮೂವತ್ತು ಅಡಿ. ನೆಲದ ಮೇಲೆ ಇಪ್ಪತ್ತೇಳು. ಇನ್ನೊಮ್ಮೆ ಹಿಡಿದಳು. ಇಪ್ಪತ್ತೇಳೇ.

ಕಿಟಕಿಯಿಂದ ಎಲ್ಲ ನೋಡುತ್ತಿದ್ದ ಅತ್ತೆ ಅಷ್ಟು ದಿನದ ಮೌನ ಮುರಿದು ಎಷ್ಟು ಬಂತು ಎಂದು ಕೇಳಿದಳು. ಅವಳು ಹೇಳಿದಳು. ಅತ್ತೆಯ ಮುಖ ಅರಳಿತು.

ಅತ್ತೆಗೂ ಬೇಕರಿ ಮಾವನಿಗೂ ಮಾತು ನಿಂತು ಬಹಳ ಕಾಲವಾಗಿತ್ತು. ಗಡಿಯಾರದ ಮಾವ ಹೋದ ಮಾರನೆ ವರ್ಷ ಬೇಕರಿಯವರು ಒಲೆಯ ಚಿಮಣಿ ಎತ್ತರಿಸಿದರು. ಅದರ ಮಸಿ, ಅತ್ತೆ ಒಗೆದು ಹಾಕಿದ್ದ ಬಿಳಿ ಹಾಸಿಗೆ ಬಟ್ಟೆಯ ಮೇಲೆ ಬಿತ್ತು. ಅತ್ತೆ ಒಂದು ಅಂದಳು, ಅವರು ಒಂದು ಅಂದರು, ಅಲ್ಲಿಗೆ ಮುಗಿಯಿತು. ಆಮೇಲೆ ಹೇಳಲೇಬೇಕಾದ ಮಾತು ಬಂದರೆ ಇಬ್ಬರೂ ಬೆಕ್ಕಿಗೆ ಹೇಳುತ್ತಿದ್ದರು. ಹೊಟ್ಟೆಪಾಡಿಗೆ ಆ ಮನೆಯಲ್ಲೂ ನಿದ್ದೆಗೆ ಈ ಮನೆಯಲ್ಲೂ ಇರುತ್ತಿದ್ದ ಬೂದು ಬೆಕ್ಕು ಅದು, ನಡುಗೋಡೆಯ ಮೇಲೆ ಸದಾ ಕೂತಿರುತ್ತಿತ್ತು. ನೀರು ಬಂದಿದೆಯಂತೆ ಕಣೋ ಬೆಕ್ಕೇ, ನಲ್ಲಿ ತಿರುಗಿಸಿಕೊಳ್ಳುವವರು ತಿರುಗಿಸಿಕೊಳ್ಳಲಿ ಎಂದು ಇತ್ತಲಿಂದ. ನಾಳೆ ಒಲೆ ಹಚ್ಚುವುದಿಲ್ಲವಂತೆ, ಬಟ್ಟೆ ಒಗೆಯುವವರು ಒಗೆದುಕೊಳ್ಳಲಿ ಎಂದು ಅತ್ತಲಿಂದ. ಆದರೂ ಗಡಿಯಾರದ ಮಾವನ ಕಾಲದಿಂದ ಬಂದ ಒಂದು ಪದ್ಧತಿ ಮಾತ್ರ ನಿಂತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಗೋಡೆಯ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಬ್ರೆಡ್ಡು ಇರುತ್ತಿತ್ತು. ಅತ್ತೆ ಅದನ್ನು ಯಾರೂ ನೋಡದಾಗ ತೆಗೆದುಕೊಳ್ಳುತ್ತಿದ್ದಳು.

ಈಗ ಅತ್ತೆ ಮಂಡಿನೋವು ಮರೆತು ಗೋಡೆಯ ಹತ್ತಿರ ಹೋಗಿ, ಬೀದಿಗೆಲ್ಲ ಕೇಳುವಂತೆ ಬೆಕ್ಕಿನ ಜೊತೆ ಮಾತಾಡಿದಳು.

“ಕೇಳಿದ್ಯೇನೋ? ಮೂರು ಅಡಿ ನೆಲ ನುಂಗಿದ್ದಾರಂತೆ. ಮಸಿ ಹಾಕಿದ್ದು ಸಾಲ್ದೂಂತ ಗೋಡೆ ಬೇರೆ ಸರಿಸಿದ್ದಾರೆ. ಗೆಳೆಯ ಅಂತೆ ಗೆಳೆಯ. ಕಳ್ಳನ ಪಕ್ಕ ಇಷ್ಟು ವರ್ಷ ಬಾಳಿದ್ದೀನಿ.”

ಗೋಡೆಯ ಆಚೆ ಪಾತ್ರೆ ಉಜ್ಜುತ್ತಿದ್ದ ಸದ್ದು ನಿಂತಿತು. ಬೆಕ್ಕು ಎದ್ದು ಮೈಮುರಿದು, ಯಾವ ಕಡೆಗೂ ಇಳಿಯದೆ ಮತ್ತೆ ಕೂತಿತು. ಅವಳು ಟೇಪು ಸುತ್ತುತ್ತ ನಿಂತಿದ್ದಳು. ಅತ್ತೆಯನ್ನು ತಡೆಯಬೇಕಿತ್ತು ಎಂದು ಆಮೇಲೆ ಅನ್ನಿಸಿತು. ಆ ಹೊತ್ತಿಗೆ ಟೇಪು ಹೇಳಿದ್ದು ನಿಜವೆಂದೇ ಅವಳೂ ನಂಬಿದ್ದಳು.

ಆ ರಾತ್ರಿ ಅವಳು ಅತ್ತೆಯ ಮನೆಯಲ್ಲೇ ಉಳಿದಳು. ಬೆಳಗಾದಾಗ ಗೋಡೆಯ ಮೇಲೆ ಬ್ರೆಡ್ಡು ಇರಲಿಲ್ಲ. ಅತ್ತೆ ಒಮ್ಮೆ ಹೊರಗೆ ಬಂದು ನೋಡಿದಳು, ಆಕಾಶ ನೋಡಲು ಬಂದವಳಂತೆ ತಲೆ ಎತ್ತಿ ಒಳಗೆ ಹೋದಳು. ಅವಳಿಗೆ ಮನಸ್ಸು ತಡೆಯಲಿಲ್ಲ. ಕ್ರಯಪತ್ರದ ನಕಲು ಹಿಡಿದು ಅಂಗಳಕ್ಕೆ ಇಳಿದು, ಮೊದಲೇ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದಳು.

ಉತ್ತರಕ್ಕೆ ರಸ್ತೆ. ಇದೆ. ದಕ್ಷಿಣಕ್ಕೆ ನೀರಿನ ಟ್ಯಾಂಕಿನ ಜಾಗ. ಇದೆ. ಪೂರ್ವಕ್ಕೆ ಬೇಕರಿಯವರ ನಿವೇಶನ. ಅವಳು ತಲೆ ಎತ್ತಿದಳು. ಮೈದಾನದ ಮೇಲೆ ಬಿಸಿಲು ಬಿದ್ದಿತ್ತು, ಬಿಸಿಲು ನೇರ ಅವಳ ಮುಖಕ್ಕೆ ಹೊಡೆಯುತ್ತಿತ್ತು. ಬೇಕರಿಯವರ ಮನೆ ಅವಳ ಬೆನ್ನ ಹಿಂದೆ ಇತ್ತು. ಕಾಗದವನ್ನು ತಿರುಗಿಸಿದಳು, ತಾನು ತಿರುಗಿದಳು. ಪಶ್ಚಿಮಕ್ಕೆ ಓಣಿ, ಎಂದಿತ್ತು ಕಾಗದ. ಓಣಿ ಇದ್ದದ್ದು ಬೇಕರಿಯವರ ಮನೆಯ ಆಚೆ ಪಕ್ಕದಲ್ಲಿ.

ಕಲಿಯುವ ಕಾಲದಲ್ಲಿ ಅವಳು ಒಮ್ಮೆ ಅಂಗಿಯ ಬಲತೋಳನ್ನು ಎಡಕ್ಕೂ ಎಡತೋಳನ್ನು ಬಲಕ್ಕೂ ಹೊಲಿದಿದ್ದಳು. ನೇತುಹಾಕಿ ನೋಡಿದರೆ ಅಂಗಿ ಅಂಗಿಯ ಹಾಗೇ ಇತ್ತು. ತೊಟ್ಟವನು ಕೈ ಎತ್ತಿದಾಗಲೇ ಗೊತ್ತಾದದ್ದು. ಆ ಅಂಗಿ ನೆನಪಾಗಿ ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಯಾರೂ ಏನೂ ನುಂಗಿರಲಿಲ್ಲ. ಕಾಗದದಲ್ಲಿದ್ದ ಮನೆ ಇದಾಗಿರಲೇ ಇಲ್ಲ.

ವಕೀಲೆ ಬೇಕರಿಯವರ ಕ್ರಯಪತ್ರದ ನಕಲನ್ನು ಕಚೇರಿಯಿಂದ ತರಿಸಿದಳು. ಒಬ್ಬನೇ ಮಾಲೀಕ, ಒಂದೇ ದಿನ, ಪಕ್ಕಪಕ್ಕದ ಎರಡು ನಿವೇಶನ. ಓಣಿಯ ಪಕ್ಕದ್ದು, ಅಗಲವಾದದ್ದು, ಗಡಿಯಾರದವರದು. ಮೈದಾನದ ಪಕ್ಕದ್ದು, ಮೂರು ಅಡಿ ಕಿರಿದಾದದ್ದು, ಬೇಕರಿಯವರದು. ಮನೆ ಕಟ್ಟುವಾಗ ಇಬ್ಬರೂ ಅದಲು ಬದಲು ಕಟ್ಟಿಕೊಂಡಿದ್ದಾರೆ. ತೆರಿಗೆಯವರು ಬಾಗಿಲ ನಂಬರು ನೋಡಿ ಹಣ ಕಟ್ಟಿಸಿಕೊಳ್ಳುತ್ತಾರೆ, ನಿವೇಶನ ಯಾರದು ಎಂದು ಅವರು ಕೇಳುವುದಿಲ್ಲ. ಹೀಗಾಗಿ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿಲ್ಲ.

“ಈಗಿರೋ ಕಾಗದ ಇಟ್ಕೊಂಡು ದಾನಪತ್ರ ಬರೆದ್ರೆ ನಿಮಗೆ ಬರೋದು ಪಕ್ಕದ ಮನೆ,” ಎಂದಳು ವಕೀಲೆ. “ನಾಳೆ ಬೇಕರಿಯವರು ಇಲ್ಲ ಅಂತಾದ್ರೆ, ಅವರ ಹೆಣ್ಣುಮಕ್ಕಳು ಕಾಗದ ತಂದು ನಿಮ್ಮನ್ನ ಏಳಿ ಅನ್ನಬಹುದು. ಕೋರ್ಟಿಗೆ ಹೋದ್ರೆ ನೀವೇ ಗೆಲ್ಲಬಹುದೇನೋ. ಗೆಲ್ಲೋ ಹೊತ್ತಿಗೆ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಉಳಿದಿರಬೇಕಲ್ಲ.”

ದಾರಿ ಒಂದೇ ಇತ್ತು. ಎರಡೂ ಮನೆಯವರು ಬದುಕಿರುವಾಗಲೇ ಕೂತು ವಿನಿಮಯ ಪತ್ರ ಬರೆದು, ಅದನ್ನು ನೋಂದಣಿ ಮಾಡಿಸಬೇಕು. ಕಾಗದ ನೆಲದ ದಾರಿಗೆ ಬಂದ ಮೇಲೆ ದಾನಪತ್ರ. ಅದಕ್ಕೆ ಅತ್ತೆಯ ಸಹಿ ಬೇಕು, ಬೇಕರಿ ಮಾವನ ಸಹಿ ಬೇಕು.

ಅವಳು ಮೊದಲು ಬೇಕರಿಗೆ ಹೋದಳು. ಮುದುಕರು ಹಿಟ್ಟು ಹರಡಿದ ಮೇಜಿನ ಹಿಂದೆ ಕೂತಿದ್ದರು. ಕೆಲಸವನ್ನು ಈಗ ಆಳುಗಳು ಮಾಡುತ್ತಿದ್ದರು, ಇವರು ಹಿಟ್ಟಿನ ಉಂಡೆಯನ್ನು ಬೆರಳಿಂದ ಒತ್ತಿ ಆಯಿತೋ ಇಲ್ಲವೋ ಎಂದು ಮಾತ್ರ ಹೇಳುತ್ತಿದ್ದರು. ಅಳೆದದ್ದು ನಾನು, ಅರ್ಧ ಕೆಲಸ ಮಾಡಿ ನಿಮಗೆ ಕೆಟ್ಟ ಮಾತು ಕೇಳಿಸಿದ್ದೂ ನಾನೇ ಎಂದು ಅವಳು ಹೇಳಿದಳು. ಅವರು ಎರಡೂ ಕಾಗದದ ನಕಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು.

ಅವರಿಗೆ ಅದಲು ಬದಲಾದದ್ದು ಚೆನ್ನಾಗಿ ನೆನಪಿತ್ತು. ಪಾಯ ತೋಡುವ ದಿನ ಇಬ್ಬರೂ ಖಾಲಿ ಜಾಗದಲ್ಲಿ ನಿಂತಿದ್ದರಂತೆ. ಸೌದೆಯ ಗಾಡಿ, ಹಿಟ್ಟಿನ ಮೂಟೆ ಇಳಿಸಲು ಪಕ್ಕದಲ್ಲಿ ಓಣಿ ಇದ್ದರೆ ಚೆನ್ನಾಗಿತ್ತು ಎಂದು ಇವರು ಅಂದರಂತೆ. ನನಗೆ ಬೆಳಗಿನ ಬೆಳಕು ಸಿಕ್ಕರೆ ಸಾಕು ಎಂದು ಗಡಿಯಾರದವರು ಅಂದರಂತೆ. ನಿನ್ನದು ಮೂರು ಅಡಿ ದೊಡ್ಡದಿದೆಯಲ್ಲೋ ಎಂದರೆ, ಬೆಳಕನ್ನು ಅಡಿಯ ಲೆಕ್ಕದಲ್ಲಿ ಮಾರುತ್ತಾರೇನೋ ಎಂದರಂತೆ. ಅಲ್ಲೇ ಜಾಗ ಬದಲಾಯಿಸಿ ನಿಂತರು. ಕಾಗದವನ್ನು ಗೆಳೆಯ ಸರಿಮಾಡಿಸಿದ್ದಾನೆ ಎಂದು ಇವರು ತಿಳಿದಿದ್ದರು, ಇವರು ಮಾಡಿಸಿದ್ದಾರೆ ಎಂದು ಅವನು ತಿಳಿದಿರಬೇಕು. ಕೇಳಿದರೆ ಅನುಮಾನಪಟ್ಟಂತಾದೀತು ಎಂದು ಇಬ್ಬರೂ ಕೇಳಲಿಲ್ಲ.

“ಹಾಗಾದ್ರೆ ಸಹಿ ಹಾಕ್ತೀರಾ ಮಾವ?”

ಮುದುಕರ ನಗು ನಿಂತಿತು. “ಹಾಕಲ್ಲ ಅಂತ ಹೇಳಲ್ಲ. ಆದ್ರೆ ನಿಮ್ಮತ್ತೆ ಬೀದಿಗೆಲ್ಲ ಕೇಳೋ ಹಾಗೆ ಕಳ್ಳ ಅಂದ್ರು. ಅದಕ್ಕೊಂದು ಮಾತು ಅವರೇ ಬಂದು ಆಡ್ಲಿ. ಬೆಕ್ಕಿನ ಹತ್ರ ಅಲ್ಲ, ನನ್ನ ಹತ್ರ.”

ಅತ್ತೆಯ ಕಿವಿಗೆ ಈ ಸುದ್ದಿ ಅರ್ಧ ಮಾತ್ರ ಬಿತ್ತು. ಬೇಕರಿಯ ಮನೆ ಕಾಗದದಲ್ಲಿ ತನ್ನದು ಎನ್ನುವ ಅರ್ಧ. ಕುರ್ಚಿಯ ಮೇಲೆ ನೆಟ್ಟಗೆ ಕೂತಳು.

“ಹಾಗಾದ್ರೆ ಆ ಒಲೆ ನಂದು. ಆ ಚಿಮಣಿ ನಂದು. ನಾಳೇನೇ ಕೀಳಿಸ್ತೀನಿ. ಇಷ್ಟು ವರ್ಷ ಬಾಡಿಗೆ ಇಲ್ದೆ ಇದ್ದಾರಲ್ಲ, ನಾಚಿಕೆ ಬೇಡ್ವಾ?”

“ಈ ಮನೆ ಅವರದು ಅತ್ತೆ,” ಎಂದಳು ಅವಳು. “ಕಿಟಕಿ ಅವರದು. ನೀವು ಕುರ್ಚಿ ಹಾಕ್ಕೊಂಡಿರೋ ನೆಲಾನೂ ಅವರದೇ.”

ಅತ್ತೆ ನೆಲ ನೋಡಿಕೊಂಡಳು. ಅರಿವಿಲ್ಲದೆ ಕಾಲುಗಳನ್ನು ಸ್ವಲ್ಪ ಎತ್ತಿಕೊಂಡಳು. ಆಮೇಲೆ ತನ್ನ ಮೇಲೆಯೇ ಸಿಟ್ಟು ಬಂದು ಕೆಳಗಿಟ್ಟಳು. ಆ ಎರಡು ದಿನ ಅತ್ತೆ ಬೇಕರಿಯ ಒಡತಿಯಾಗಿ ಬದುಕಿದಳು. ಒಲೆಯ ಜಾಗದಲ್ಲಿ ಏನು ಮಾಡಬೇಕು, ಓಣಿಯ ಕಡೆಗೆ ಎಷ್ಟು ಅಂಗಡಿ ತೆಗೆಯಬಹುದು ಎಂದೆಲ್ಲ ಹೇಳುತ್ತಿದ್ದಳು. ಅವಳು ಕೇಳಿಸಿಕೊಂಡಳು. ಅಡುಗೆ ಮಾಡಿಟ್ಟಳು. ಹೋಗಿ ಮಾತಾಡಿ ಎಂದು ಒತ್ತಾಯಿಸಲಿಲ್ಲ. ಪೇಟೆಬೀದಿಯಲ್ಲಿ ಔಷಧಿ ಅಂಗಡಿಯವರು ಆಗಲೇ ಕಪಾಟುಗಳನ್ನು ಬಿಚ್ಚುತ್ತಿದ್ದರು. ಅವಳ ಅಂಗಡಿಯ ಹಿಂಗೋಡೆಗೆ ಯಾರೋ ಬಂದು ಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು.

ಮೂರನೆಯ ದಿನ ಅತ್ತೆ ತಾನಾಗಿಯೇ ಕೇಳಿದಳು, ಅವರು ಯಾಕೆ ಬದಲಾಯಿಸಿಕೊಂಡರಂತೆ ಎಂದು. ಅವಳು ಎಲ್ಲ ಹೇಳಿದಳು. ಅತ್ತೆ ಈ ಮನೆಗೆ ಮದುವೆಯಾಗಿ ಬರುವಾಗ ಮನೆ ಕಟ್ಟಿ ಮುಗಿದಿತ್ತು, ಹೀಗಾಗಿ ಈ ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಬೆಳಕನ್ನು ಅಡಿಯ ಲೆಕ್ಕದಲ್ಲಿ ಮಾರುವ ಮಾತಿಗೆ ಬಂದಾಗ ಅತ್ತೆ ಅದನ್ನು ಇನ್ನೊಮ್ಮೆ ಹೇಳಿಸಿದಳು.

“ನಮ್ಮವರೇ ಹಾಗಂದ್ರಂತಾ?”

“ಹೌದಂತೆ.”

“ಅವರದೇ ಮಾತು ಅದು. ಆ ಬೇಕರಿಯವನಿಗೆ ಕಟ್ಟಿ ಹೇಳೋಕೆ ಬರಲ್ಲ.” ಅತ್ತೆ ಮೇಜಿನ ಮೇಲಿನ ಬಿಸಿಲನ್ನು ನೋಡುತ್ತ ಕೂತಳು. ಬಿಸಿಲು ಮೇಜು ದಾಟಿ ನೆಲಕ್ಕೆ ಇಳಿಯಿತು. ಆಮೇಲೆ, ನನ್ನ ಒಗೆದ ಸೀರೆ ಕೊಡು ಎಂದಳು.

ಬೇಕರಿಯ ಮೂರು ಮೆಟ್ಟಿಲು ಹತ್ತಲು ಅತ್ತೆ ಅವಳ ಭುಜ ಹಿಡಿದುಕೊಂಡಳು. ಒಳಗೆ ಬಿಸಿ ಬ್ರೆಡ್ಡಿನ ವಾಸನೆ, ಹಿಟ್ಟಿನ ಧೂಳು. ಎದುರು ಗೋಡೆಯ ಮೇಲೆ ಉದ್ದ ಲೋಲಕದ ಒಂದು ಗಡಿಯಾರ. ಗಡಿಯಾರದ ಮಾವ ಮನೆಯೊಕ್ಕಲಿನ ದಿನ ಗೆಳೆಯನಿಗೆ ಕೊಟ್ಟದ್ದು. ಅತ್ತೆ ಅದರ ಮುಂದೆ ನಿಂತಳು. ಮುದುಕರು ಮೇಜಿನ ಹಿಂದಿನಿಂದ ಏಳಲು ಹೋಗಿ, ಏಳಬೇಕೋ ಬೇಡವೋ ತಿಳಿಯದೆ ಅರ್ಧಕ್ಕೆ ನಿಂತರು.

“ಗಡಿಯಾರ ಹಿಂದೆ ಬಿದ್ದಿದೆ,” ಎಂದಳು ಅತ್ತೆ.

“ನೀವೂ ತಡವಾಗೇ ಬಂದ್ರಿ ಅತ್ತಿಗೆ.”

ಅತ್ತೆ ತಿರುಗಿದಳು. ಬರುವಾಗ ದಾರಿಯಲ್ಲಿ ಏನೇನೋ ಸಿದ್ಧಮಾಡಿಕೊಂಡಿದ್ದಿರಬೇಕು, ತುಟಿ ಎರಡು ಸಲ ಅಲುಗಿತು. ಹೊರಗೆ ಬಂದದ್ದು ಇಷ್ಟೇ.

“ಕಳ್ಳ ಅಂದೆ. ಅನ್ನಬಾರದಿತ್ತು. ಮೂರು ಅಡಿ ಅವರೇ ಬಿಟ್ಟುಕೊಟ್ಟಿದ್ದು ನನಗೆ ಗೊತ್ತಿರ್ಲಿಲ್ಲ.” ಜೊತೆಗೇ ಸೇರಿಸಿದಳು, “ಮಸಿಯ ವಿಷಯ ಹಾಗೇ ಇದೆ. ಅದನ್ನ ನಾನು ವಾಪಸ್ ತಗೊಳ್ಳಲ್ಲ.”

“ಅದು ಬೇಡ, ಇಟ್ಕೊಳ್ಳಿ,” ಎಂದರು ಮುದುಕರು. ಮೇಜಿನ ಕೆಳಗಿನಿಂದ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣಗಳನ್ನು ಒಂದೊಂದಾಗಿ ಎತ್ತಿ ಮೇಲಿಟ್ಟರು. ಗೋಡೆಯ ಮೇಲೆ ಇಡದೆ ಬಿಟ್ಟ ದಿನಗಳ ಬ್ರೆಡ್ಡು. “ದಿನಾ ಸುತ್ತಿಟ್ಟೆ. ಇಡೋಕೆ ಮನಸ್ಸಾಗ್ಲಿಲ್ಲ. ಎಲ್ಲ ಒಣಗಿದೆ. ತಗೊಂಡು ಹೋಗಿ ಬೆಕ್ಕಿಗೆ ಹಾಕಿ, ಪಾಪ, ಇಷ್ಟು ವರ್ಷ ನಮ್ಮಿಬ್ಬರ ಮಾತು ಹೊತ್ತಿದೆ.”

ನೋಂದಣಿ ಕಚೇರಿಯಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ತಮ್ಮ ಮನೆ ಕೊಟ್ಟು ತಮ್ಮ ಮನೆಯನ್ನೇ ಪಡೆಯುವ ಈ ಇಬ್ಬರು ಮುದಿಜೀವಗಳನ್ನು ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿ, ಯಾರ ಒತ್ತಾಯವೂ ಇಲ್ಲವಷ್ಟೇ ಎಂದು ಕೇಳಿದ. ನನ್ನ ಗಂಡನದೇ ಒತ್ತಾಯ ಎಂದಳು ಅತ್ತೆ. ಅವರೆಲ್ಲಿ ಎಂದು ಅಧಿಕಾರಿ ಕೇಳಿದ. ಇಲ್ಲ ಎಂದು ಬೇಕರಿಯವರು ಹೇಳಿದರು. ಹೆಬ್ಬೆರಳಿಗೆ ಮಸಿ ಹಚ್ಚುವಾಗ ಅತ್ತೆ ಪಕ್ಕಕ್ಕೆ ನೋಡಿ, ಇವತ್ತು ನಿಮಗೂ ಬಿತ್ತು ಮಸಿ ಎಂದಳು.

ದಾನಪತ್ರ ಬರೆಯುವ ದಿನ ಮತ್ತೆ ಜಗಳವಾಯಿತು, ಈ ಸಲ ಅತ್ತೆ ಸೊಸೆಯರ ನಡುವೆ. ಅತ್ತೆಗೆ ಜೀವವಿರುವವರೆಗೆ ಈ ಮನೆಯಲ್ಲಿ ವಾಸಮಾಡುವ ಹಕ್ಕಿದೆ, ಅವಳನ್ನು ಯಾರೂ ಹೊರಗೆ ಹಾಕುವಂತಿಲ್ಲ ಎಂದು ಪತ್ರದಲ್ಲೇ ಬರೆಯಬೇಕೆಂದು ಅವಳು ವಕೀಲೆಗೆ ಹೇಳಿದಳು. ಅದೆಲ್ಲ ಯಾಕೆ, ನೀನು ನನ್ನನ್ನು ಹೊರಗೆ ಹಾಕುತ್ತೀಯಾ, ಬಾಯಿಮಾತು ಸಾಲದೇ ಎಂದು ಅತ್ತೆ ಮುಖ ಗಂಟು ಹಾಕಿದಳು.

“ನಾನು ಹಾಕಲ್ಲ,” ಎಂದಳು ಅವಳು. “ನನಗೆ ಏನಾದ್ರೂ ಆದ್ರೆ, ನನ್ನ ಆಮೇಲೆ ಬರೋರು ಯಾರೋ. ನಿಮ್ಮ ಸಾಮಾನು ಬೀದೀಲಿ ನಿಂತ್ರೆ ಗಾಡಿ ತಗೊಂಡು ಬರೋಕೆ ನಾನಿರಲ್ಲ.”

ಬರೆಯಲಿ ಎನ್ನುವಂತೆ ಅತ್ತೆ ವಕೀಲೆಯ ಕಡೆ ಕೈ ಬೀಸಿದಳು. ವಕೀಲೆ ಆ ಸಾಲು ಬರೆದಳು. ಕೊನೆಯಲ್ಲಿ, ದಾನವನ್ನು ಸ್ವೀಕರಿಸಿದ್ದೇನೆ ಎನ್ನುವ ಸಾಲಿನ ಕೆಳಗೆ ಅವಳು ಸಹಿ ಮಾಡಿದಳು. ಮಾಡುವ ಮೊದಲು ಚಕ್ಕುಬಂದಿಯನ್ನು ಬೆರಳಿಟ್ಟು ಓದಿಕೊಂಡಳು. ವಕೀಲೆ ಗಡಿಯಾರ ನೋಡಿದರೂ ಅವಳು ಅವಸರಪಡಲಿಲ್ಲ.

ಪತ್ರ ಕೈಗೆ ಬಂದ ದಿನ ಅವಳು ಅದನ್ನು ಅಂಗಳದಲ್ಲಿ ನಿಂತು ಓದಿದಳು. ಮಿಷನ್ನುಗಳು ಆಗಲೇ ಕಿಟಕಿಯ ಕೆಳಗೆ ಬಂದಿದ್ದವು. ಅಮ್ಮನದು ಗೋಡೆಯ ಪಕ್ಕಕ್ಕೆ, ಮೊದಲ ಬಿಸಿಲು ಬೀಳುವಲ್ಲಿ. ಪೂರ್ವಕ್ಕೆ ಶಾಲೆಯ ಮೈದಾನ, ಎಂದು ಓದಿದಳು. ಅತ್ತ ನೋಡಿದಳು, ಇತ್ತು. ಪಶ್ಚಿಮಕ್ಕೆ ಬೇಕರಿಯವರ ಮನೆ. ಇತ್ತು. ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ, ಅದು ಇರಲಿ, ನನ್ನ ಸಾಲು ಓದು ಎಂದಳು. ಅವಳು ಓದಿದಳು.

“ಜೋರಾಗಿ ಓದು ಹುಡುಗಿ. ಆ ಕಡೆಯವರಿಗೂ ಕೇಳ್ಲಿ.”

ಅವಳು ಜೋರಾಗಿ ಓದಿದಳು. ಗೋಡೆಯ ಮೇಲೆ ಬೆಕ್ಕು ಕಿವಿ ನಿಮಿರಿಸಿತು. ಗೋಡೆಯ ಆಚೆಯಿಂದ, ಬೆಕ್ಕನ್ನು ಕರೆಯದೆಯೇ, ಮುದುಕರ ದನಿ ಬಂತು.

“ಕೇಳಿಸ್ತು ಅತ್ತಿಗೆ. ಇನ್ನು ಬಟ್ಟೆ ಒಳಗೆ ತಗೊಳ್ಳಿ, ಒಲೆ ಹಚ್ಚಬೇಕು.”